ರೊಟ್ಟಿ ವಾರ್ತೆಯ ಮಳೆಗಾಲ

ಹೋದ ತಿಂಗಳು ಕೆಲಸದ ಮೇಲೆ ಸುರಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಊಟಕ್ಕೆ ಕುಳಿತಾಗ ಒಳಗಿನಿಂದ ಜೋಳದ ಹಿಟ್ಟು ಹಂಚಿನ ಮೇಲೆ ಸೀಯುವ ವಾಸನೆ ಬಂತು, ಅದರ ಬೆನ್ನಿಗೇ ರೊಟ್ಟಿ ಬಡಿಯುವ ಸಪ್ಪಳ. ನಾನು ಒಬ್ಬಳೇ ನಗತೊಡಗಿದೆ. ಎದುರಿಗೆ ಕುಳಿತಿದ್ದ ಮುದುಕರೊಬ್ಬರು ತುತ್ತು ಕೈಯಲ್ಲಿ ಹಿಡಿದುಕೊಂಡೇ, "ಯಾಕವ್ವ, ಏನಾತು?" ಎಂದರು.

"ಏನಿಲ್ಲ ಯಜ್ಜಾ, ಹಳೇದೊಂದು ನೆನಪಾತು."

"ನಗು ಬರೋ ನೆನಪಾ? ಪುಣ್ಯವಂತಿ ಬಿಡು," ಎಂದು ಶೇಂಗಾ ಹಿಂಡಿಯ ಚಟ್ನಿಪುಡಿ ಬಟ್ಟಲನ್ನು ನನ್ನ ಕಡೆ ಸರಿಸಿದರು.

ನೆನಪಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ. ಆಗ ನಾನು ಶಹಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಪಿಎಚ್.ಡಿ.ಗೆಂದು ಆ ವರ್ಷ ರಜೆ ಹಾಕಿದ್ದೆ. ನಾನು ಆರಿಸಿಕೊಂಡ ವಿಷಯ ಕೇಳಿದವರೆಲ್ಲ ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ನಗುತ್ತಿದ್ದರು. ಮೊಬೈಲಿನ ಗುಂಪುಗಳಲ್ಲಿ ಒಬ್ಬರಿಂದೊಬ್ಬರಿಗೆ ಹರಿದು ಬರುತ್ತವಲ್ಲ, ಯಾರು ತೆಗೆದರೆಂದು ಯಾರಿಗೂ ಗೊತ್ತಿಲ್ಲದ ವಿಡಿಯೋಗಳು, ಅವುಗಳ ಅಧ್ಯಯನ. ಎಲ್ಲಿ ಹುಟ್ಟುತ್ತವೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತವೆ, ಹೋಗುವ ದಾರಿಯಲ್ಲಿ ಯಾರು ಕತ್ತರಿಸುತ್ತಾರೆ, ಯಾರು ಹಾಡು ಸೇರಿಸುತ್ತಾರೆ, ಯಾರು ತಮ್ಮ ಅಂಗಡಿಯ ಹೆಸರು ಅಂಟಿಸುತ್ತಾರೆ, ಇದೆಲ್ಲ.

ನಮ್ಮಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನನ್ನ ವಿವರಣೆಯನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡು ಕೊನೆಗೆ ಅಂದರು: "ಇದಕ್ಕ ಡಾಕ್ಟರ್ ಅಂತ ಕೊಡ್ತಾರಂದ್ರ ಮೊದಲ ನಿಮ್ಮವ್ವಗ ಕೊಡಬೇಕವ್ವ. ಮುಂಜಾನಿಂದ ಸಂಜಿತನಕ ಅದನ್ನ ನೋಡಾಕತ್ತಾಳ."

ಶಹಾಪುರದಲ್ಲಿ ಕುಳಿತರೆ ಕೆಲಸ ಆಗುವುದಿಲ್ಲವೆಂದು ನಾನು ಬೋನಾಳದ ಕಡೆಯ ಒಂದು ಊರಿನಲ್ಲಿದ್ದ ನಮ್ಮ ಸಣ್ಣವ್ವನ ಮನೆಗೆ ಹೋಗಿ ಉಳಿದೆ. ಸಣ್ಣವ್ವ ಎಂದರೆ ನಮ್ಮವ್ವನ ತಂಗಿ. ಸಣ್ಣವ್ವ ಮತ್ತು ಕಾಕಾ ಇಬ್ಬರೂ ತಮ್ಮ ತುಂಡು ಹೊಲದಲ್ಲಿ ತೊಗರಿ, ಹತ್ತಿ ಹಾಕಿಕೊಂಡಿದ್ದರು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರ ಹೆಸರುಗಳನ್ನೂ ಬದಲಿಸಿದ್ದೇನೆ. ಯಾಕೆಂಬುದು ಓದುತ್ತಾ ಹೋದಂತೆ ತಿಳಿಯುತ್ತದೆ.

ಆ ವರ್ಷ ಮಳೆ ಹೇಳಿ ಕಳಿಸಿದಂತೆ ಬಂತು. ಬಿತ್ತಿದ ಮೇಲೆ ಸುರಿಯಿತು, ಕಳೆ ತೆಗೆಯುವಾಗ ನಿಂತು ಹೊರಪಾಯಿತು, ಮತ್ತೆ ಸುರಿಯಿತು. ಬೋನಾಳದ ಕೆರೆಗೆ ನೀರು ಏರಿದಂತೆ ಹಕ್ಕಿಗಳು ಗಲಾಟೆ ಎಬ್ಬಿಸಿದವು. ಕರಿ ಎರೆಮಣ್ಣಿನ ಹೊಲದಲ್ಲಿ ಚಪ್ಪಲಿಗೆ ಮಣ್ಣು ಮೆತ್ತಿ ಮೆತ್ತಿ, ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಾನು ಗೇಣುದ್ದ ಹೆಚ್ಚು ಎತ್ತರವಾಗಿರುತ್ತಿದ್ದೆ. ಚಪ್ಪಲಿ ಕೈಯಲ್ಲಿ ಹಿಡಿದು, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೊಲದಿಂದ ಹೊಲಕ್ಕೆ ತಿರುಗುವ ನನ್ನನ್ನು ನೋಡಿ ಕಳೆ ತೆಗೆಯುವ ಹೆಂಗಸರು ದೂರದಿಂದಲೇ ಕೂಗುತ್ತಿದ್ದರು: "ಬಂದ್ಳು ನೋಡ್ರೆ ವಿಡಿಯೋ ಮ್ಯಾಡಂ!"

ಮಧ್ಯಾಹ್ನ ಬೇವಿನ ಮರದ ಕೆಳಗೆ ಅವರು ರೊಟ್ಟಿ ಗಂಟು ಬಿಚ್ಚುವ ಹೊತ್ತು ನನ್ನ ಕೆಲಸದ ಹೊತ್ತು. ಒಬ್ಬೊಬ್ಬರೂ ತಮ್ಮ ಮೊಬೈಲು ತೆಗೆದು ತೋರಿಸುತ್ತಿದ್ದರು. ಬೀಗರ ಮದುವೆಯಲ್ಲಿ ಕುಣಿಯುತ್ತಾ ಚಪ್ಪರದ ಕಂಬ ಕೆಡವಿದವನು, ಮಾಸ್ತರರ ದನಿಯಲ್ಲಿ ಮಾತಾಡುವ ಎಮ್ಮೆ, ಟ್ರ್ಯಾಕ್ಟರ್ ಮೇಲೆ ಕುಳಿತು ಸವಾರಿ ಹೊರಟ ಮೇಕೆ. ಪುಂಡಿಪಲ್ಯ ಕೊಟ್ಟು ಉಣ್ಣಿಸಿ, ವಿಡಿಯೋ ತೋರಿಸಿ, ಅದನ್ನು ಮೊದಲು ಯಾರು ಕಳಿಸಿದರೆಂದು ನೆನಪು ಮಾಡಿಕೊಳ್ಳಲು ತಮ್ಮ ತಮ್ಮಲ್ಲೇ ಜಗಳಾಡಿ, ಕೊನೆಗೆ "ಬರಕೋ, ನಮ್ಮ ನಾದಿನಿ ಅಂತ ಬರಕೋ" ಎಂದು ತೀರ್ಪು ಕೊಡುತ್ತಿದ್ದರು.

ಎಲ್ಲವೂ ನಗುವಿನ ವಿಡಿಯೋಗಳೇ ಆಗಿರಲಿಲ್ಲ. ನಾನು ಹೋದ ಹೊಸದರಲ್ಲಿ ಒಂದು ಮೊಸಳೆ ವಿಡಿಯೋ ಬಂತು. ನಾರಾಯಣಪುರದ ಅಣೆಕಟ್ಟಿನಿಂದ ಕಾಲುವೆಗೆ ಮೊಸಳೆ ಬಂದಿದೆ, ಬಟ್ಟೆ ಒಗೆಯಲು ಹೋಗಬೇಡಿ ಎಂದು ಯಾರೋ ಗಾಬರಿಯ ದನಿಯಲ್ಲಿ ಹೇಳುತ್ತಿದ್ದರು. ಊರ ಹೆಂಗಸರು ಬಟ್ಟೆ ಗಂಟು ಕಟ್ಟಿಟ್ಟು ಮನೆಯಲ್ಲೇ ಕುಳಿತರು. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕಾಲುವೆಯ ದಂಡೆಯ ಮಣ್ಣು ಕೆಂಪಗಿತ್ತು, ಹಿಂದೆ ಸಾಲಾಗಿ ತೆಂಗಿನ ಮರಗಳಿದ್ದವು. "ಸಣ್ಣವ್ವ, ನಮ್ಮ ಕಾಲುವಿ ದಂಡಿಗಿ ಇಂಥ ಕೆಂಪು ಮಣ್ಣು ಎಲ್ಲೆರ ನೋಡಿಯೇನು?" ಎಂದು ಕೇಳಿದೆ. ಸಣ್ಣವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಇದು ನಮ್ಮ ಮಸಳಿ ಅಲ್ಲೇ ಅಲ್ಲ!" ಎಂದು ಹೊರಗೆ ಹೋಗಿ ಓಣಿಗೆಲ್ಲ ಸಾರಿದಳು. ಅಂದೇ ಮಧ್ಯಾಹ್ನ ಹೆಂಗಸರೆಲ್ಲ ಗಂಟು ಹೊತ್ತು ಕಾಲುವೆಗೆ ಹೋದರು. ಆಗಿನಿಂದ ಊರಿನಲ್ಲಿ ನನ್ನ ವಿಷಯಕ್ಕೆ ಯಾರೂ ನಗಲಿಲ್ಲ.

ಆದರೆ ಆ ಮಳೆಗಾಲದಲ್ಲಿ ನನ್ನ ಮನಸ್ಸನ್ನು ಪೂರ್ತಿ ಹಿಡಿದದ್ದು ರೊಟ್ಟಿ ವಾರ್ತೆ. ಹಾಗೆಂದು ಹೆಸರಿಟ್ಟವರು ಜನರೇ. ಒಂದು ನಿಮಿಷವೂ ಇಲ್ಲದ ವಿಡಿಯೋ. ಕ್ಯಾಮೆರಾದಲ್ಲಿ ಕಾಣುವುದು ಎರಡು ಕೈ, ಕೈ ತುಂಬ ಹಸಿರು ಬಳೆ, ಹಿಟ್ಟು ಉದುರಿಸಿದ ಕಲ್ಲು ಅಷ್ಟೇ. ಮುಖ ಕಾಣುವುದಿಲ್ಲ. ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಒಂದು ಎಳೆಯ ದನಿ ವಾರದ ಸುದ್ದಿ ಹೇಳುತ್ತಿತ್ತು:

"ರೊಟ್ಟಿ ಬಡೀತೀನಿ, ಸುದ್ದಿ ಹೇಳ್ತೀನಿ, ಕಿವಿ ಕೊಡ್ರೆವ್ವ.
ಮುಂಜಾನಿ ಬಸ್ಸು ಸಂಜಿಗಿ ಬಂತು, ಆರತಿ ಮಾಡ್ರೆವ್ವ."

ಎರಡು ಏಟು ಬೇಗ ಬೇಗ, ಒಂದು ಕ್ಷಣ ತಡೆದು ಮೂರನೆಯದು, ಅಷ್ಟರಲ್ಲಿ ರೊಟ್ಟಿ ಒಂದು ಸುತ್ತು ತಿರುಗಿರುತ್ತಿತ್ತು. ಸುದ್ದಿ ಮುಗಿಯುವ ಹೊತ್ತಿಗೆ ರೊಟ್ಟಿ ಹಂಚಿಗೆ ಬೀಳುತ್ತಿತ್ತು. ಕರೆಂಟು ಹೋದದ್ದು, ಮೋಡ ಬಂದು ಮುಖ ತೋರಿಸಿ ಹೋದದ್ದು, ಉಳ್ಳಾಗಡ್ಡಿಯ ದರ, ಹೊಸ ಸೊಸೆಯ ಹೊಸ ಫೋನು, ಎಲ್ಲವೂ ಅದರಲ್ಲಿ ಬರುತ್ತಿತ್ತು. ವಾರಕ್ಕೊಂದು ಬಾರದಿದ್ದರೆ ಜನ ಚಡಪಡಿಸುತ್ತಿದ್ದರು.

ಅವಳು ಯಾರೆಂದು ಕೇಳಿದರೆ ಪ್ರತಿಯೊಂದು ಊರೂ ತನ್ನವಳೆನ್ನುತ್ತಿತ್ತು. ಶಹಾಪುರದ ಆಟೋದವರು ಅವಳು ತಮ್ಮ ಓಣಿಯವಳೆಂದು ಆಣೆ ಮಾಡಿದರು. ಅಬ್ಬೆತುಮಕೂರಿನ ಮಠಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ನಮ್ಮ ಅಕ್ಕನ ಮನಿ ಮಗ್ಗಲಾಕಿ ಆಕಿ, ನಾಚಿಗಿ ಬಾಳ" ಎಂದಳು. ನಾನು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಕೇಳುತ್ತಾ ಹಿಂದೆ ಹಿಂದೆ ಹೋದೆ. ದಾರಿ ಯಾದಗಿರಿ ದಾಟಿ ಗುರುಮಠಕಲ್ ಕಡೆಯ ಒಂದು ಹಳ್ಳಿಯ ಹೆಂಗಸರ ಗುಂಪಿಗೆ ಹೋಗಿ ನಿಂತಿತು. ಅಲ್ಲಿಂದ ಮುಂದೆ ಗೋಡೆ. ಆ ಗುಂಪಿನ ಹೆಂಗಸರು ತೆಲುಗಿನಲ್ಲೂ ಕನ್ನಡದಲ್ಲೂ ಚಹಾ ಕೊಟ್ಟು ಉಪಚಾರ ಮಾಡಿದರು, ಉತ್ತರ ಮಾತ್ರ ಕೊಡಲಿಲ್ಲ. ಕಲಬುರಗಿಯಲ್ಲಿದ್ದ ನನ್ನ ಮಾರ್ಗದರ್ಶಕರು ಫೋನಿನಲ್ಲಿ, "ಮೂಲ ಹಿಡೀರಿ ಜಯಶ್ರೀ, ಮೂಲ ಸಿಕ್ಕರೆ ನಿಮ್ಮ ಪ್ರಬಂಧ ಗೆದ್ದಂತೆ" ಎಂದು ಹುರಿದುಂಬಿಸುತ್ತಿದ್ದರು.

ಹೀಗಿರುವಾಗ ನಳದ ವಾರ್ತೆ ಬಂತು.

"ಓಣಿ ನಳದಾಗ ಗಾಳಿ ಬರ್ತದ, ಬೀಸಣಿಕಿ ಬ್ಯಾಡವ್ವ.
ಮೆಂಬರ್ ಸಾಹೇಬ್ರ ಎಮ್ಮಿ ಜಳಕ ದಿನಾ ಎರಡ ಸಲವ್ವ."

ಯಾವ ಊರಿನ ಪಂಚಾಯಿತಿ ಮೆಂಬರನೆಂದು ಅದರಲ್ಲಿ ಇರಲಿಲ್ಲ. ಅದೇ ಮಜಾ ಆದದ್ದು. ಸುತ್ತಲಿನ ಎಷ್ಟೋ ಊರಿನ ಮೆಂಬರರು ಅದು ತಮಗೇ ಅಂದದ್ದೆಂದು ತಿಳಿದುಕೊಂಡರು. ಒಬ್ಬರು ಎಮ್ಮೆಯನ್ನೇ ಮಾರಿದರಂತೆ ಎಂಬ ಸುದ್ದಿಯೂ ಹಬ್ಬಿತು. ನಮ್ಮ ಸಣ್ಣವ್ವನ ಊರಿನ ಮೆಂಬರ್ ಶರಣಪ್ಪನಿಗೂ ಎಮ್ಮೆ ಇತ್ತು, ಅದು ಎರಡು ಸಲ ಜಳಕ ಮಾಡುತ್ತಿದ್ದದ್ದೂ ನಿಜ, ಕೆಳಗಿನ ಓಣಿಯ ನಳದಲ್ಲಿ ಗಾಳಿ ಬರುತ್ತಿದ್ದದ್ದೂ ನಿಜ.

ಶರಣಪ್ಪ ಕೆಟ್ಟ ಮನುಷ್ಯನಲ್ಲ. ಆದರೆ ಊರಿನ ಹುಡುಗರು ಅವನು ಹೋಗುವಾಗ ಹಿಂದಿನಿಂದ "ಜಳಕ ಆತೇನ್ರಿ?" ಎಂದು ಕೇಳತೊಡಗಿದ ಮೇಲೆ ಅವನಿಗೆ ಊಟ ರುಚಿಸದಾಯಿತು. ವಿಡಿಯೋದಲ್ಲಿ ಆ ಹೆಂಗಸಿನ ಎಡ ಮುಂಗೈ ಮೇಲೆ ಚೇಳಿನ ಹಚ್ಚೆ ಇದ್ದದ್ದನ್ನು ಯಾರೋ ಅವನಿಗೆ ತೋರಿಸಿದರು. ಅಲ್ಲಿಯವರೆಗಿನ ಯಾವ ವಿಡಿಯೋದಲ್ಲೂ ಬಳೆಗಳ ಹಿಂದಿನ ಆ ಹಚ್ಚೆ ಕಂಡಿರಲಿಲ್ಲ. ಈ ಸಲ ಮಾತ್ರ ಬಳೆ ಮೇಲಕ್ಕೆ ಸರಿದಿದ್ದವು. ಊರಿನಲ್ಲಿ ಎಡ ಮುಂಗೈ ಮೇಲೆ ಚೇಳಿದ್ದವಳು, ನಾಲಿಗೆ ಚುರುಕಾಗಿದ್ದವಳು, ನಳದ ಹತ್ತಿರ ಮೆಂಬರನ ಜೊತೆ ಬಾಯಿ ಮಾಡಿದ್ದವಳು ಒಬ್ಬಳೇ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ನಿಂಗಮ್ಮ.

ನಿಂಗಮ್ಮನ ಮನೆ ಸಣ್ಣವ್ವನ ಮನೆಗೆ ಎದುರು. ಒಂದು ಮಧ್ಯಾಹ್ನ ಮಳೆಯಲ್ಲೇ ಸೆರಗು ಹೊದ್ದು ಬಂದಳು.

"ಜಯವ್ವ, ಶನಿವಾರ ಸಾಲ್ಯಾಗ ಮೀಟಿಂಗ್ ಅದಂತ. ನನ್ನ ಕೆಲಸ ತೆಗೀತಾರಂತ."

"ಯಾಕ ನಿಂಗಮ್ಮ? ನೀ ಮಾಡಿಲ್ಲಲ್ಲ?"

"ನನ್ನ ಹತ್ರ ಮಾತಾಡೋ ಫೋನು ಒಂದ ಅದ, ಫೋಟೋ ತೆಗಿಯೋದಿಲ್ಲ. ಹೇಳಿದ್ರ ಕೇಳವಲ್ರು. ಆ ವಿಡಿಯೋದಾಕಿ ಎಡಗೈಲೆ ಬಡೀತಾಳ, ನಾ ಎಡಚಿ ಅಲ್ಲ ಅಂದೆ. ಗುರ್ತು ಸಿಗಬಾರದಂತ ಬೇಕಂತನ ಎಡಗೈಲೆ ಬಡದಿ ಅಂತಾರ."

ಅವಳ ಮಗಳು ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಆ ಕೆಲಸ ಹೋದರೆ ಓದೂ ಹೋಗುತ್ತಿತ್ತು. ನಿಂಗಮ್ಮ ಅಳಲಿಲ್ಲ, ತೊಯ್ದ ಸೆರಗನ್ನು ಸಿಟ್ಟಿನಿಂದ ಹಿಂಡಿದಳು. "ಮಾಡಿದ್ರ ಮಾಡೀನಿ ಅಂತ ಎದಿ ತಟ್ಟಿ ಹೇಳ್ತಿದ್ದೆ," ಎಂದಳು.

ಅವಳು ಹೋದ ಮೇಲೆ ನಾನು ನನ್ನ ಲ್ಯಾಪ್‌ಟಾಪ್ ತೆರೆದು ಕುಳಿತೆ. ನಳದ ವಾರ್ತೆಯ ಹಲವಾರು ಪ್ರತಿಗಳು ನನ್ನ ಬಳಿ ಇದ್ದವು. ಒಂದೇ ವಿಡಿಯೋ ಕೈಯಿಂದ ಕೈಗೆ ಹೋಗುತ್ತಾ ಸವೆಯುತ್ತದೆ, ಕಡತ ಸಣ್ಣದಾಗುತ್ತದೆ, ಚಿತ್ರ ಮಸುಕಾಗುತ್ತದೆ. ಕಡತ ದೊಡ್ಡದಿದ್ದಷ್ಟೂ ಮೂಲಕ್ಕೆ ಹತ್ತಿರ. ಊರೆಲ್ಲ ನೋಡುತ್ತಿದ್ದದ್ದು ಯಾವುದೋ ಹಾಸ್ಯದ ಪುಟದವರು ತಮ್ಮ ಗುರುತು ಒತ್ತಿ ಬಿಟ್ಟ ಮಸುಕು ಪ್ರತಿ. ಸಣ್ಣವ್ವನ ಮೊಬೈಲಿನಲ್ಲಿ ಮಾತ್ರ ಮೊದಲ ದಿನವೇ ಬಂದ ದೊಡ್ಡ ಪ್ರತಿ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓಡಿಸಿದೆ.

ಮತ್ತೊಮ್ಮೆ ಓಡಿಸಿದೆ. "ಸಣ್ಣವ್ವ!" ಎಂದು ಕೂಗಿದ್ದಕ್ಕೆ ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನ ಬಂತೇ? ಮತ್ತ ಮಸಳಿ?"

ನಾನು ತೋರಿಸಿದೆ. ಸಣ್ಣವ್ವ ಎರಡೂ ಕೈ ಗಲ್ಲಕ್ಕೆ ಹಚ್ಚಿಕೊಂಡಳು, ಗಲ್ಲವೆಲ್ಲ ಹಿಟ್ಟಾಯಿತು. "ಶನಿವಾರತನಕ ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದಳು. ಆ ಮಾತು ಹೇಳಬೇಕಾಗಿದ್ದದ್ದು ನಾನು.

ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ ಸೇರಿತು. ಹೆಡ್ ಮಾಸ್ತರರು ಮೃದು ಸ್ವಭಾವದವರು, ಹೇಗಾದರೂ ಇದು ಮುಗಿದರೆ ಸಾಕು ಎಂಬಂತೆ ಕುಳಿತಿದ್ದರು. ಬಾಗಿಲಲ್ಲಿ, ಕಿಟಕಿಯಲ್ಲಿ ಹೆಂಗಸರು ತುಂಬಿದ್ದರು. ಅವರ ನಡುವೆ ಶರಣಪ್ಪನ ಹೆಂಡತಿ ಸುನಂದಾಳೂ ಇದ್ದಳು. ನಿಂಗಮ್ಮ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

ಶರಣಪ್ಪ ಎದ್ದು, "ಮಕ್ಕಳಿಗಿ ಅನ್ನ ಹಾಕೋ ಕೈಲೆ ಊರ ಮರ್ಯಾದಿ ಕಳೀತಾಳಂದ್ರ ಹೆಂಗ?" ಎಂದು ಶುರು ಮಾಡಿದ. ನಾನು ಹೆಡ್ ಮಾಸ್ತರರ ಅನುಮತಿ ಕೇಳಿ, ಮಕ್ಕಳಿಗೆ ಪಾಠ ತೋರಿಸುವ ದೊಡ್ಡ ಟಿವಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿದೆ. ಮೊದಲು ಊರೆಲ್ಲ ನೋಡಿದ್ದ ಪ್ರತಿಯನ್ನೇ ಹಾಕಿದೆ. ಟಿವಿಯ ತುಂಬ ಕೈಗಳು, ರೊಟ್ಟಿ, ಎಮ್ಮೆಯ ಜಳಕ. ಕಿಟಕಿಯಲ್ಲಿ ನಗು ಉಕ್ಕಿತು. ಶರಣಪ್ಪನ ಮುಖ ಕೆಂಪಾಯಿತು.

"ಇದನ್ನ ಮತ್ತ ನೋಡಾಕ ಕರದಿರೇನ್ರಿ ಮ್ಯಾಡಂ?"

"ಕೈ ನೋಡಬ್ಯಾಡ್ರಿ, ಮೂಲಿ ನೋಡ್ರಿ. ಅಲ್ಲಿ ಗ್ವಾಡಿ ಮ್ಯಾಲ ಅರ್ಧ ಗಡಿಯಾರ ಕಾಣ್ತದಲ್ಲ? ಅದರ ಕೆಂಪು ಮುಳ್ಳು ಯಾ ಕಡಿ ಹೊಂಟದ ನೋಡ್ರಿ."

ಮತ್ತೊಮ್ಮೆ ಓಡಿಸಿದೆ. ಎಲ್ಲರೂ ಮೂಲೆಯ ಕಡೆ ಕತ್ತು ಚಾಚಿದರು. ಆಮೇಲೆ ಕಿಟಕಿಯಿಂದ ಯಾರೋ ಕಿರುಚಿದರು: "ಯವ್ವಾ, ಗಡಿಯಾರ ಹಿಂದಕ್ಕ ಓಡಾಕತ್ತದ!"

ಎಲ್ಲರೂ ಎದ್ದು ಟಿವಿಯ ಹತ್ತಿರ ಬಂದರು. ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಾನು ಸಣ್ಣವ್ವನ ಮೊಬೈಲಿನ ಪ್ರತಿಯನ್ನು ಹಾಕಿದೆ. ಅದೇ ರೊಟ್ಟಿ, ಅದೇ ಮಾತು. ಗಡಿಯಾರ ನೆಟ್ಟಗೆ ಓಡುತ್ತಿತ್ತು, ಚೇಳು ಬಲಗೈ ಮೇಲಿತ್ತು. ಬೇರೆಯವರ ವಿಡಿಯೋವನ್ನು ತಮ್ಮದೆಂದು ತೋರಿಸಿಕೊಳ್ಳಲು ಕೆಲವರು ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕುತ್ತಾರೆ, ಆಗ ಎಡಗೈ ಬಲಗೈಯಾಗುತ್ತದೆ, ಬಲಗೈ ಎಡಗೈಯಾಗುತ್ತದೆ ಎಂದು ಹೇಳಿದೆ. ನಿಂಗಮ್ಮ ಮುಂದೆ ಬಂದು ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದಳು. ಎಡಗೈಯಲ್ಲಿ ಚೇಳು, ಬಲಗೈ ಖಾಲಿ.

"ನೋಡ್ರಿ ಮೆಂಬರ್ರೇ. ತೊಳಕೊಂಡು ಬಂದೀನಿ, ಬೇಕಾದ್ರ ತಿಕ್ಕಿ ನೋಡ್ರಿ."

ಶರಣಪ್ಪ ಗಡ್ಡ ಕೆರೆದುಕೊಂಡ. ಸೋತೆನೆಂದು ಹೇಳಲು ಬಾಯಿ ಬರಲಿಲ್ಲ. "ಹಂಗಾದ್ರ ಬಲಗೈ ಮ್ಯಾಲ ಚೇಳು ಇರಾಕಿ ಯಾರು?" ಎಂದು ಹೆಂಗಸರ ಕಡೆ ತಿರುಗಿದ.

ಆಗ ಮೊಟ್ಟಮೊದಲು ತನ್ನ ಬಲ ಮುಂಗೈ ಮೇಲೆ ಸೆರಗು ಎಳೆದುಕೊಂಡವಳು ಅವನ ಹೆಂಡತಿ ಸುನಂದಾ. ಅವಳ ಹಿಂದೆಯೇ ನಮ್ಮ ಸಣ್ಣವ್ವ. ಆಮೇಲೆ ಬಾಗಿಲಲ್ಲಿದ್ದವರು, ಕಿಟಕಿಯಲ್ಲಿದ್ದವರು, ಹಚ್ಚೆ ಇದ್ದವರು, ಇಲ್ಲದವರು, ಎಲ್ಲರೂ ಬಲಗೈ ಮುಚ್ಚಿಕೊಂಡು ನಿಂತರು. ಒಬ್ಬ ಮುದುಕಿ ಎರಡೂ ಕೈ ಮುಚ್ಚಿಕೊಂಡಳು. ಮೊದಲು ನಕ್ಕವರು ಹೆಡ್ ಮಾಸ್ತರರು. ನಗು ತಡೆಯಲು ಹೋಗಿ ಕೆಮ್ಮಿದರು, ಕೆಮ್ಮಲು ಹೋಗಿ ಮತ್ತೆ ನಕ್ಕರು. ಕೊನೆಗೆ ಶರಣಪ್ಪನೂ ತುಟಿ ಬಿಗಿಹಿಡಿದು, ಹಿಡಿಯಲಾರದೆ ನಕ್ಕುಬಿಟ್ಟ. "ತಪ್ಪ ತಿಳ್ಕೋಬ್ಯಾಡ ಅಕ್ಕಾ," ಎಂದ ನಿಂಗಮ್ಮನಿಗೆ. ಅವಳು, "ತಿಳ್ಕೊಂಡೀನಿ. ನಳದಾಗ ನೀರು ಬಂದ ದಿನ ಬಿಡ್ತೀನಿ," ಎಂದಳು.

ಸಭೆ ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಶರಣಪ್ಪ ನನ್ನ ಹತ್ತಿರ ಬಂದು, "ಮ್ಯಾಡಂ, ನಮ್ಮ ಮನ್ಯಾಗ ಎರಡ ರೊಟ್ಟಿ ತಿಂದು ಹೋಗ್ರಿ. ಇಲ್ಲಂದ್ರ ಸಿಟ್ಟಿಲೆ ಹೋದ್ರು ಅಂತಾರ ಜನ," ಎಂದ. ಹೋದೆ.

ಪಡಸಾಲೆಯಲ್ಲಿ ನಮ್ಮಿಬ್ಬರಿಗೂ ತಟ್ಟೆ ಹಾಕಿದರು. ಸುನಂದಾ ತಲೆ ತಗ್ಗಿಸಿಕೊಂಡು ಪಲ್ಯ ಬಡಿಸಿದಳು. ಶರಣಪ್ಪ ಈಗ ಹಗುರಾಗಿದ್ದ. "ಖರೇ ಹೇಳ್ತೀನ್ರಿ, ಆ ಹೆಂಗಸು ಬಾಳ ಹುಶಾರಿ ಅದಾಳ. ಹಿಂದಿನವೆಲ್ಲ ನಾನ ಎಲ್ಲಾರಿಗಿ ಕಳಿಸೀನಿ. ಈ ನಳದ್ದೊಂದ ಬಿಟ್ಟು."

ಅಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುವುದು ಶುರುವಾಯಿತು. ಎರಡು ಏಟು ಬೇಗ ಬೇಗ. ಒಂದು ಕ್ಷಣ ತಡೆದು ಮೂರನೆಯದು.

ನನ್ನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಆ ಮಳೆಗಾಲದಲ್ಲಿ ಆ ತಾಳವನ್ನು ನಾನು ಕೇಳಿದಷ್ಟು ಬೇರೆ ಯಾರೂ ಕೇಳಿರಲಿಕ್ಕಿಲ್ಲ. ಶರಣಪ್ಪ ಏನೂ ಆಗದವನಂತೆ ಪುಂಡಿಪಲ್ಯ ಕಲಸುತ್ತಿದ್ದ. ಹುಟ್ಟಿದಾಗಿನಿಂದ ಕೇಳಿದ ಸಪ್ಪಳ, ಅವನ ಕಿವಿಗೆ ಅದು ಸಪ್ಪಳವೇ ಆಗಿರಲಿಲ್ಲ. ಒಳಗಿನಿಂದ ಅವನ ತಾಯಿ ಬಸವ್ವ ಬಿಸಿ ರೊಟ್ಟಿ ಹಿಡಿದು ಬಂದರು. ಇಸ್ತ್ರಿ ಮುರಿಯದ ಒಳ್ಳೆಯ ಸೀರೆ ಉಟ್ಟಿದ್ದರು. ನನ್ನ ತಟ್ಟೆಗೆ ರೊಟ್ಟಿ ಹಾಕಲು ಬಾಗಿದಾಗ ಹಸಿರು ಬಳೆಗಳು ಸರಿದವು. ಬಲ ಮುಂಗೈ ಮೇಲೆ ಚೇಳು.

ನಾನು ತಲೆಯೆತ್ತಿ ನೋಡಿದೆ. ಅವರೂ ನೋಡಿದರು.

ಅದೇ ಹೊತ್ತಿಗೆ ಶರಣಪ್ಪನ ಫೋನು ರಿಂಗಾಯಿತು. ಅವನು ಎಡಗೈಯಲ್ಲಿ ಫೋನು ಹಿಡಿದು, "ಹಾಂ, ಹೇಳೋ" ಎನ್ನುತ್ತಾ ಅಂಗಳಕ್ಕೆ ಹೋದ. ಬಸವ್ವ ಪಕ್ಕದಲ್ಲಿ ಕುಳಿತು ಪಿಸುದನಿಯಲ್ಲಿ ಹೇಳಿದರು:

"ಗಡಿಯಾರ ನೋಡಿ ಹಿಡದೆಂತಲ್ಲ? ಸುನಂದಾ ಬಂದು ಹೇಳಿದಳು. ಅದನ್ನ ತೆಗಿಯೇ ಅಂತ ನಾ ಅವತ್ತೇ ಅಂದಿದ್ದೆ."

"ನಿಮ್ಮ ದನಿ ಸಣ್ಣ ಹುಡುಗಿಯಂಗ ಅದಲ್ಲ ಯಮ್ಮಾ?"

"ಅದೆಲ್ಲ ಈಕಿ ಮಾಡ್ತಾಳ. ಏನೋ ಒತ್ತತಾಳ, ದನಿ ಬದಲಾಗ್ತದ." ಸುನಂದಾ ಬಾಗಿಲಲ್ಲಿ ನಿಂತು, ಅಂಗಳದ ಕಡೆ ಒಂದು ಕಣ್ಣಿಟ್ಟುಕೊಂಡೇ ಹೇಳಿದಳು: "ಮೊದಲ ನಮ್ಮ ತವರಿಗಿ ಕಳಸ್ತೀನ್ರಿ, ಗುರುಮಠಕಲ್ ಕಡಿ. ನಮ್ಮಕ್ಕ ಗುಂಪಿಗಿ ಹಾಕ್ತಾಳ. ಅಲ್ಲಿಂದ ತಿರುಗಾಡಿ ನಮ್ಮನಿಗೇ ಬರ್ತದ."

ನಾನು ಬಸ್ಸು ಬದಲಿಸಿ ಬದಲಿಸಿ ಹುಡುಕಿಕೊಂಡು ಹೋದ ದಾರಿಯ ತುದಿ ಇದಾಗಿತ್ತು.

"ಯಾಕ ಶುರು ಮಾಡಿದ್ರಿ ಯಮ್ಮಾ?"

ಬಸವ್ವ ಅಂಗಳದ ಕಡೆ ಗಲ್ಲ ತಿರುಗಿಸಿದರು. "ನಾ ಮೊದಲಿಂದ ಹಿಂಗ ಮಾತಾಡಾಕಿನ. ಇವ ಮೆಂಬರ್ ಆದಮ್ಯಾಗ ಒಲಿ ಮುಂದ ಕುಂದ್ರೋದು ಬಿಟ್ಟ. ಏನರ ಅಂದ್ರ ವಟವಟ ಅನಬ್ಯಾಡ ಅಂತಿದ್ದ. ಒಂದಿನ ಸುನಂದಾ ಚ್ಯಾಷ್ಟಿಗಿ ತೆಗದು ಕಳಿಸಿದಳು. ವಾರದಾಗ ಇವನ ಓಡಿ ಬಂದು, ಯವ್ವಾ ಕೇಳಿಲ್ಲಿ, ಯಾರೋ ಎಷ್ಟ ಛಂದ ಅಂದಾಳ ಅಂತ ನನಗ ಕೇಳಿಸಿದ. ಮನ್ಯಾಗ ಅಂದ್ರ ವಟವಟ, ಫೋನಿನ್ಯಾಗ ಅಂದ್ರ ವಾಹ್ ವಾಹ್."

ಸುನಂದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಸವ್ವ ಮಾತ್ರ ನಗಲಿಲ್ಲ. "ನಿಂಗಿ ಕೆಲಸ ತೆಗೀತಾರ ಅಂದಾಗ ನನ್ನ ಎದಿ ಒಡೀತು. ಮುಂಜಾನಿ ಈ ಸೀರಿ ಉಟ್ಕೊಂಡು ತಯಾರಾಗಿ ಕುಂತಿದ್ದೆ. ಸುನಂದಾ ಬಂದು ನಿಂಗಿ ಉಳೀಲಿಲ್ಲ ಅಂದಿದ್ರ ನಾನ ಸಾಲಿಗಿ ಬಂದು ಈ ಕೈ ತೋರಸಾಕಿ ಇದ್ದೆ."

"ಎಲ್ಲಾರಿಗಿ ಎಡಗೈ ಮ್ಯಾಲ ಹಾಕ್ತಾರ, ನಿಮಗ್ಯಾಕ ಬಲಗೈಗಿ ಹಾಕಿದ್ರು?"

"ಹಚ್ಚಿ ಹಾಕಾಕಿ ಬಂದಾಗ ಎಡಗೈಯಾಗ ಇವ ಇದ್ದ. ಕೂಸು. ಕೆಳಗ ಇಟ್ರ ಅಳತಿದ್ದ. ಅದಕ್ಕ ಬಲಗೈ ಚಾಚಿದೆ. ದಿನಾ ನೋಡೋ ಕೈ, ಚೇಳು ಯಾ ಕೈ ಮ್ಯಾಲದ ಅನ್ನೋದ ಅವಗ ನೆನಪಿಲ್ಲ." ಆಗ ಅವರ ಮುಖದಲ್ಲಿ ನಗು ಬಂತು.

ಅಂಗಳದಲ್ಲಿ ಶರಣಪ್ಪನ ಮಾತು ಮುಗಿಯುವಂತೆ ಕಂಡಿತು. ನಾನು ಅವಸರದಿಂದ ಕೇಳಿದೆ: "ನಾ ಬರಿಯೋ ಪುಸ್ತಕದಾಗ ನಿಮ್ಮ ಹೆಸರ ಹಾಕಲೇನು ಯಮ್ಮಾ?"

ಅವರು ಒಂದು ಗಳಿಗೆ ಯೋಚಿಸಿದರು. ಆಸೆಯಾಗಲಿಲ್ಲವೆಂದಲ್ಲ, ಕಣ್ಣಲ್ಲಿ ಅದು ಕಂಡಿತು. ಆಮೇಲೆ ತಲೆ ಅಲ್ಲಾಡಿಸಿದರು. "ಬ್ಯಾಡ. ಹೆಸರ ಬಂದ್ರ ನಾ ಬರೇ ಶರಣಪ್ಪನ ತಾಯಿ ಬಸವ್ವ ಆಗ್ತೀನಿ. ಈಗ ಎಲ್ಲಾ ಊರಿಗಿ ನಾನ ಅದೀನಿ."

ಶರಣಪ್ಪ ಬಂದು ಕುಳಿತ. ಬಸವ್ವ ತಂಬಿಗೆಯಿಂದ ಅವನ ಲೋಟಕ್ಕೆ ನಿಧಾನವಾಗಿ ನೀರು ಬಗ್ಗಿಸಿದರು. "ಕುಡಿಯಪ್ಪ. ನಮ್ಮನಿ ನಳದಾಗರ ಬರ್ತಾವ."

ಅವನು ಲೋಟ ಎತ್ತಿದವನು ಅರ್ಧದಲ್ಲೇ ಕೆಳಗಿಟ್ಟ. ತಾಯಿಯ ಮುಖ ನೋಡಿದ. ಏನಾದರೂ ಹೊಳೆಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಕೇಳಲಿಲ್ಲ, ಅವರು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನೇ ನಿಂತು ಕೆಳಗಿನ ಓಣಿಯ ಪೈಪು ಅಗೆಸಿದ. ಮೇಲಿನ ಓಣಿಗೇ ನೀರೆಲ್ಲ ಹೋಗುವಂತೆ ಇದ್ದದ್ದನ್ನು ಬದಲಿಸಲು ಕೆಲವು ದಿನ ಹಿಡಿಯಿತು. ನಳದಲ್ಲಿ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂದಾಗ ನಿಂಗಮ್ಮ ಮೊದಲ ಕೊಡ ತುಂಬಿ, ಅದನ್ನು ಮನೆಗೆ ಒಯ್ಯದೆ ಅಲ್ಲಿದ್ದವರ ಮೇಲೆಲ್ಲ ಎರಚಿದಳು. ನಾನು ಪೂರ್ತಿ ತೊಯ್ದೆ. ಸಣ್ಣವ್ವ ತಪ್ಪಿಸಿಕೊಳ್ಳಲು ಹೋಗಿ ಕೆಸರಿನಲ್ಲಿ ಕುಳಿತಳು, ಕುಳಿತೇ ನಗುತ್ತಿದ್ದಳು.

ಮಾರ್ಗದರ್ಶಕರು ಮತ್ತೆ ಫೋನು ಮಾಡಿದರು. "ಮೂಲ ಸಿಕ್ಕಿತಾ?"

"ಸಿಕ್ಕಿದೆ ಸರ್. ಹೆಸರು ಬರೆಯುವುದಿಲ್ಲ."

"ಅಲ್ರೀ, ಪರೀಕ್ಷಕರು ಕೇಳ್ತಾರೆ."

"ಕೇಳಲಿ ಸರ್. ವಿಡಿಯೋ ಊರಿಂದೂರಿಗೆ ಹೇಗೆ ಹೋಯಿತು, ಹೇಗೆ ತಿರುವುಮುರುವಾಯಿತು, ಎಲ್ಲ ಬರೆಯುತ್ತೇನೆ. ಕೈ ಯಾರದೆಂಬುದು ಒಂದು ಬಿಟ್ಟು."

ಅವರು ಮತ್ತೆ ಒತ್ತಾಯಿಸದೆ, "ರೊಟ್ಟಿ ಚೆನ್ನಾಗಿತ್ತಾ?" ಎಂದು ಕೇಳಿದರು. ಬಹಳ ಚೆನ್ನಾಗಿತ್ತು ಎಂದೆ.

ನಾನು ಶಹಾಪುರಕ್ಕೆ ಹೊರಡುವ ಹೊತ್ತಿಗೆ ಮಳೆ ಹಿಂದಾಗಿತ್ತು. ತೊಗರಿ ಹಳದಿ ಹೂ ಬಿಟ್ಟಿತ್ತು, ಹತ್ತಿಯ ಕಾಯಿಗಳು ಗಟ್ಟಿಯಾಗಿದ್ದವು. ಹೊರಡುವ ದಿನ ಬೆಳಿಗ್ಗೆ ಹೊಸ ರೊಟ್ಟಿ ವಾರ್ತೆ ಬಂತು. ತೆರೆದು ನೋಡಿದರೆ ಎರಡು ಕೈಗಳಲ್ಲ, ನಾಲ್ಕು. ಎದುರುಬದುರು ಕುಳಿತ ಇಬ್ಬರು ಹೆಂಗಸರು ಒಂದೇ ತಾಳಕ್ಕೆ ರೊಟ್ಟಿ ಬಡಿಯುತ್ತಿದ್ದರು. ಒಬ್ಬಳ ಬಲಗೈ ಮೇಲೆ ಚೇಳು, ಇನ್ನೊಬ್ಬಳ ಎಡಗೈ ಮೇಲೆ.

"ರೊಟ್ಟಿ ಬಡೀತೀವಿ, ಸುದ್ದಿ ಹೇಳ್ತೀವಿ, ಕಿವಿ ಕೊಡ್ರೆವ್ವ.
ನಳದಾಗ ನೀರು ಬಂದು ಕುಂತಾವ, ಕೊಡ ತರ್ರೆವ್ವ.
ಮೆಂಬರ್ ಸಾಹೇಬ್ರ ಎಮ್ಮಿಗಿ ಈಗ ಒಂದೇ ಜಳಕವ್ವ,
ಸಿಟ್ಟಿಗೆದ್ದು ಹಾಲು ಕಡಿಮಿ ಕೊಡ್ತದ, ಯಾರಿಗಿ ಹೇಳ್ಬೇಕವ್ವ?"

ಬಸ್ಸಿಗೆ ಹೋಗುವ ಮುಂಚೆ ಶಾಲೆಯ ಅಡುಗೆ ಕೋಣೆಗೆ ಹೋದೆ. ನಿಂಗಮ್ಮ ದೊಡ್ಡ ಪಾತ್ರೆಯಲ್ಲಿ ಸಾರು ತಿರುವುತ್ತಿದ್ದಳು. ನಾನು ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದೆ.

"ನಿಂಗಮ್ಮ, ಇದೇನಿದು?"

ಅವಳು ಬಾಗಿ, ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹುಬ್ಬು ಹಾರಿಸಿದಳು.

"ಮುದುಕಿ ತಾನ ಬಂದು ಕೈ ತೋರಿಸಿ ಅತ್ತಳವ್ವ. ಅಳಬ್ಯಾಡ, ನನಗೂ ಕಲಿಸು ಅಂದೆ."

"ಮತ್ತ ಯಾರರ ಹಿಡದ್ರ? ಮತ್ತ ಮೀಟಿಂಗ್ ಆದ್ರ?"

ನಿಂಗಮ್ಮ ಸೌಟಿನಿಂದ ಸಾರು ಎತ್ತಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು, ಉಪ್ಪು ಸರಿಯಾಗಿದೆಯೆಂದು ತಲೆ ತೂಗಿದಳು.

"ಆಗಲಿ ಬಿಡು. ಮಾಡಲಾರದೆ ಬೈಸ್ಕೊಂಡೀನಿ. ಮಾಡಿ ಬೈಸ್ಕೊಳ್ಳೋದು ಹೆಂಗಿರ್ತದ, ಅದೂ ಒಂದ ಸಲ ನೋಡೇ ಬಿಡ್ತೀನಿ."